ಹಿಂದಿನ ಬೆಂಚಿನಲ್ಲಿ ಒಬ್ಬರು ಕೂತ ಮೇಲೆ

ನಾನು ಕೆಲಸಕ್ಕೆ ಸೇರಿ ಹದಿನಾರು ವರ್ಷ ಆಯ್ತು. ಈ ಹದಿನಾರು ವರ್ಷದಲ್ಲಿ ಹೋದ ತರಬೇತಿಗಳನ್ನೆಲ್ಲ ಬರೆಯಲು ಕೂತರೆ ನೋಟ್‌ಪುಸ್ತಕದ ಎರಡು ಪುಟ ತುಂಬುತ್ತದೆ. ಆದರೆ ನನ್ನ ತರಗತಿಗೆ ಒಬ್ಬರು ಬಂದು, ಮೊದಲಿಂದ ಕೊನೆವರೆಗೆ ಕೂತು, ನಾನು ಪಾಠ ಮಾಡುವುದನ್ನು ನೋಡಿದ್ದು ಕಳೆದ ವರ್ಷ ಆಗಸ್ಟ್‌ನಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲ ಸಲ. ಆ ಒಂದು ವರ್ಷದಲ್ಲಿ ನಮ್ಮ ಶಾಲೆಯಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ನನ್ನ ಹಾಗೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇರುವವರಿಗೆ ಉಪಯೋಗ ಆದೀತು.

ಮೊದಲು ಶಾಲೆಯ ವಿಷಯ ಹೇಳ್ತೇನೆ. ಉಡುಪಿಯಿಂದ ಶಿರ್ವ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮದು. ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದು, 41 ಮಕ್ಕಳು. ಮನೆಗಳಲ್ಲಿ ಹೆಚ್ಚಿನವರದ್ದು ತುಳು, ಕೆಲವರದ್ದು ಕೊಂಕಣಿ, ಮೂರು ಮನೆಯಲ್ಲಿ ಬ್ಯಾರಿ. ಕೆಂಪುಕಲ್ಲಿನ ಕೋರೆ ಕೆಲಸಕ್ಕೆ ಗದಗ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹಾಗಾಗಿ ಕಾಗದದಲ್ಲಿ ನಮ್ಮಲ್ಲಿ ಕೊರತೆ ಇಲ್ಲ. ಆದರೆ ತರಗತಿ ಐದು, ಟೀಚರ್ ಇಬ್ಬರು. ಅದರಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರ ಪಾಡು ನಿಮಗೇ ಗೊತ್ತು.

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಹೆಡ್ ಟೀಚರ್ ನಿವೃತ್ತರಾದರು. ಚಾರ್ಜ್ ನನ್ನ ಕೈಗೆ ಬಂತು. ದಾಸ್ತಾನು ಪುಸ್ತಕ, ಪಾಸ್‌ಬುಕ್, ಬೀಗದ ಕೈಗೊಂಚಲು ಎಲ್ಲ ಟೇಬಲ್ ಮೇಲೆ ಇಟ್ಟು ಸಹಿ ಹಾಕಿಸಿಕೊಂಡು ಅವರು ಹೊರಟರು. ಮರುದಿನದಿಂದ ನನ್ನ ಬೆಳಗ್ಗೆ ಶುರುವಾಗುತ್ತಿದ್ದದ್ದು ಮಕ್ಕಳಿಂದ ಅಲ್ಲ, ಬಿಸಿಯೂಟದ ಅಕ್ಕಿಯಿಂದ. ಮಗುವಿಗೆ 100 ಗ್ರಾಂ, ಇವತ್ತು ಹಾಜರಿ ಎಷ್ಟು, ಹಾಲಿನ ಪುಡಿ ಎಷ್ಟು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು. ಅಷ್ಟರಲ್ಲಿ ಗುಂಪಿನಲ್ಲಿ ಮೆಸೇಜ್ ಬರುತ್ತದೆ, ಹನ್ನೊಂದು ಗಂಟೆ ಒಳಗೆ ಮಾಹಿತಿ ಕಳಿಸಿ ಅಂತ. ನೆಟ್‌ವರ್ಕ್ ಸಿಗುವುದು ಧ್ವಜಸ್ತಂಭದ ಹತ್ತಿರ ಮಾತ್ರ. ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿ ನಿಂತು ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ಮಾಹಿತಿ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಎಂಟ್ರಿ ಮಾಡುವಾಗ ಒಳಗಿಂದ ಒಂದರಿಂದ ಮೂರನೇ ತರಗತಿಯ 24 ಮಕ್ಕಳ ಗಲಾಟೆ ಕೇಳುತ್ತಿತ್ತು. ಆ ಗಲಾಟೆ ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಜೂನ್ ಕೊನೆಗೆ ನಲಿ-ಕಲಿ, ಅಂದರೆ ಒಂದರಿಂದ ಮೂರನೇಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿಯ ತರಬೇತಿಗೆ ಆದೇಶ ಬಂತು. ಐದು ದಿನ. ನಾನು ಅದುವರೆಗೆ ನಾಲ್ಕು-ಐದನೇ ತರಗತಿ ನೋಡಿಕೊಂಡವಳು, ನಲಿ-ಕಲಿ ನನಗೆ ಹೊಸದು. ಒಒಡಿ (ಬೇರೆ ಕರ್ತವ್ಯದ ಮೇಲೆ ಅಂತ) ಹಾಕಿ ಹೊರಟೆ.

ನಲಿ-ಕಲಿ ಅಂದರೆ ನಮ್ಮ ರಾಜ್ಯದ್ದೇ ಒಂದು ಒಳ್ಳೆ ಕೂಸು ಅಂತ ನಾನು ಈಗಲೂ ನಂಬಿದ್ದೇನೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂತು ಮಾಡಿದ್ದು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡುಗಳನ್ನು ಬರೆದರು. 2009-10ರಿಂದ ರಾಜ್ಯದ ಎಲ್ಲ ಸರಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ಬಂತು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವೂ ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ನೋಡಿ, ಆ ಮೆಟ್ಟಿಲಿನ ಲೋಗೋ, ಅಂದರೆ ಗುರುತಿನ ಚಿತ್ರ, ಇರುವ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂರಬೇಕು. ತಟ್ಟೆ ಅಂದರೆ ಮಕ್ಕಳ ಗುಂಪು ಕೂರುವ ಜಾಗ, ಹಾಗೆ ಐದು ತಟ್ಟೆ. ಒಂದರಲ್ಲಿ ಟೀಚರ್ ಪೂರ್ತಿ ಸಹಾಯ ಮಾಡ್ತಾರೆ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಅಕ್ಷರ ಕೂಡ ಅ ಆ ಇ ಈ ಅಲ್ಲ. ರ ಗ ಸ ದ ಅ. ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಗರಗಸ ಅಂತ ಓದಲು ಶುರು ಮಾಡುತ್ತದೆ. ಎಷ್ಟು ಚಂದ ಯೋಚನೆ ಅಲ್ವಾ?

ಆದರೆ ಆ ಯೋಚನೆ ನನ್ನ ಹತ್ತಿರ ಬಂದು ಮುಟ್ಟಿದ ರೀತಿ ಹೇಗಿತ್ತು ಅಂದರೆ, ಮೂರನೇ ಸಲ ಹಿಂಡಿದ ತೆಂಗಿನಕಾಯಿ ಹಾಲಿನ ಹಾಗೆ. ಬಣ್ಣ ಮಾತ್ರ ಬಿಳಿ. ರಾಜ್ಯ ಮಟ್ಟದಲ್ಲಿ ಕಲಿತವರು ಜಿಲ್ಲೆಗೆ ಹೇಳ್ತಾರೆ, ಜಿಲ್ಲೆಯಲ್ಲಿ ಕಲಿತವರು ತಾಲ್ಲೂಕಿಗೆ ಹೇಳ್ತಾರೆ, ತಾಲ್ಲೂಕಿನವರು ನಮಗೆ. ಹೇಳಿದವರ ತಪ್ಪು ಅಂತ ಹೇಳಲಾರೆ, ಅವರೂ ನಮ್ಮ ಹಾಗೆ ಶಿಕ್ಷಕರೇ, ಅವರಿಗೂ ಮೂರು ದಿನ ಮೊದಲು ಗೊತ್ತಾದದ್ದು. ಬೆಳಗ್ಗೆ ಪೂರ್ವ ಪರೀಕ್ಷೆ, ಸಂಜೆ ಹಿಮ್ಮಾಹಿತಿ ಪತ್ರ, ನಡುವೆ ಪರದೆ ಮೇಲೆ ಸ್ಲೈಡು. ಅರುವತ್ತು ಜನರ ಸಭಾಂಗಣ, ಒಂದು ಮಗುವೂ ಇಲ್ಲ. ಐದನೇ ದಿನ ಒಬ್ಬರು ಕೇಳಿದರು, ನಮ್ಮಲ್ಲಿ ಮಕ್ಕಳಿಗೆ ಕನ್ನಡವೇ ಮೊದಲ ಸಲ ಕೇಳುವುದು, ಅಂಥ ಮಗುವನ್ನು ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸುವುದು ಅಂತ. ಒಳ್ಳೆ ಪ್ರಶ್ನೆ, ಮಧ್ಯಾಹ್ನದ ಮೇಲೆ ನೋಡುವ ಅಂದರು. ಮಧ್ಯಾಹ್ನದ ಮೇಲೆ ನಂತರದ ಪರೀಕ್ಷೆ ಇತ್ತು.

ವಾಪಸು ಬಂದು ಏಣಿ ತೂಗುಹಾಕಿದೆ. ತಟ್ಟೆಗಳನ್ನು ಇಟ್ಟೆ. ಜುಲೈಯಲ್ಲಿ ಮಳೆಗೆ ರಜೆ ಮೇಲೆ ರಜೆ. ಶಾಲೆ ನಡೆದ ದಿನಗಳಲ್ಲಿ ನಾನು ಕಾರ್ಡು ಹುಡುಕಿ ಕೊಡುವವಳು ಆದೆ, ಅಷ್ಟೇ. ಒಂದು ಮಗು ಕಾರ್ಡು ಹಿಡಿದು ಟೀಚರ್ ಮುಗಿಯಿತು ಅನ್ನುತ್ತದೆ, ಇನ್ನೊಂದು ಪೆನ್ಸಿಲ್ ಇಲ್ಲ ಅನ್ನುತ್ತದೆ, ಅಷ್ಟರಲ್ಲಿ ಅಡುಗೆಯ ಅಕ್ಕ ಬಾಗಿಲಲ್ಲಿ ನಿಂತು ಬೇಳೆ ಮುಗಿಯಿತು ಟೀಚರೇ ಅಂತ ಕರೆಯುತ್ತಾರೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆಗ ನೆನಪಾದದ್ದು ನನ್ನ ಡಿ.ಎಡ್. ದಿನಗಳು. ಮಂಗಳೂರಿನ ಕೊಡಿಯಾಲ್‌ಬೈಲ್‌ನ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಓದುವಾಗ ಪಾಠ ಅಭ್ಯಾಸಕ್ಕೆ ಹತ್ತಿರದ ಶಾಲೆಗಳಿಗೆ ಹೋಗುತ್ತಿದ್ದೆವು. ನಾವು ಪಾಠ ಮಾಡುವಾಗ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಪಾಠಯೋಜನೆಯ ಪುಸ್ತಕದಲ್ಲೇ ಬರೆಯುತ್ತಿದ್ದರು. ಕಪ್ಪುಹಲಗೆಗೆ ಬೆನ್ನು ಹಾಕಿ ನಿಲ್ಲಬೇಡಿ, ಎಡಗಡೆಯ ಸಾಲಿಗೆ ಒಂದೂ ಪ್ರಶ್ನೆ ಹೋಗಲಿಲ್ಲ, ಹೀಗೆ. ಆಗ ಹೆದರಿಕೆ ಆಗುತ್ತಿತ್ತು. ಆದರೆ ನಾನು ಟೀಚರ್ ಆದದ್ದು ಆ ಕೆಂಪು ಶಾಯಿಯ ಸಾಲುಗಳಿಂದಲೇ. ಕೆಲಸ ಸಿಕ್ಕಿದ ಮೇಲೆ ಹಿಂದಿನ ಬೆಂಚು ಖಾಲಿ ಆಯಿತು. ಬಂದವರೆಲ್ಲ ದಾಖಲೆ ನೋಡಿ, ಬಿಸಿಯೂಟದ ರುಚಿ ನೋಡಿ, ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋದರು.

ಆಗಸ್ಟ್‌ನಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಾನು ಧೈರ್ಯ ಮಾಡಿ ಎದ್ದು ನಿಂತೆ. "ಸರ್, ನನಗೆ ನಲಿ-ಕಲಿ ಹಿಡಿತಕ್ಕೆ ಬರ್ತಾ ಇಲ್ಲ. ಯಾರಾದರೂ ಒಂದು ದಿನ ಬಂದು ನನ್ನ ಕ್ಲಾಸಲ್ಲಿ ಕೂತ್ಕೊಳ್ತೀರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬರ್ತಾ ಇಲ್ಲ ಅಂತ ಎಲ್ಲರ ಎದುರು ಹೇಳುವುದು ನಮ್ಮಲ್ಲಿ ರೂಢಿ ಇಲ್ಲ. ಸಿಆರ್‌ಪಿ ಸರ್, ಅಂದರೆ ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ತಲೆ ಆಡಿಸಿದರು. ಅಷ್ಟರಲ್ಲಿ ಪಕ್ಕದೂರಿನ ಶಾಲೆಯ ಟೀಚರ್, ನನಗಿಂತ ಹತ್ತು ವರ್ಷ ಹಿರಿಯರು, "ನಾನು ಬರ್ತೇನೆ ಮಾರಾಯ್ತಿ. ಆದ್ರೆ ನೀನೂ ನನ್ನ ಶಾಲೆಗೆ ಬರಬೇಕು, ನನಗೆ ಐದನೇಯವರ ಗಣಿತ ತಲೆನೋವು" ಅಂದರು. ಅಲ್ಲಿಂದ ಎಲ್ಲ ಶುರು.

ಆ ಹಿರಿಯ ಟೀಚರ್, ಅಂದರೆ ನಮ್ಮ ಅಕ್ಕ, ಬಂದದ್ದು ಒಂದು ಬುಧವಾರ. ಆ ದಿನ ಅಕ್ಕನ ಶಾಲೆಯಲ್ಲಿ ಸಿಆರ್‌ಪಿ ಸರ್ ಕೂತು ಅಕ್ಕನ ತರಗತಿ ನೋಡಿಕೊಂಡರು, ಅದು ದೊಡ್ಡ ಉಪಕಾರ. ಅಕ್ಕ ಬೆಂಚಿನಲ್ಲಿ ಕೂರಲಿಲ್ಲ, ನೆಲದಲ್ಲಿ ಚಾಪೆ ಮೇಲೆ, ನಾಲ್ಕನೇ ತಟ್ಟೆಯ ಮಕ್ಕಳ ಪಕ್ಕ ಕೂತರು. ನಾನು ಅವರನ್ನು ನೋಡದ ಹಾಗೆ ಪಾಠ ಮಾಡಲು ಪ್ರಯತ್ನಿಸಿದೆ.

ಆ ದಿನ ಕಾರ್ಡಿನ ಜೊತೆಗೆ ನಾನೇ ಮಾಡಿದ ಚಿತ್ರ-ಪದ ಚೀಟಿಗಳನ್ನು ಕೊಟ್ಟಿದ್ದೆ. ಚಿತ್ರದ ಕೆಳಗೆ ಸರಿಯಾದ ಪದ ಇಡಬೇಕು. ಎರಡನೇ ತರಗತಿಯ ಒಬ್ಬಳು ಇದ್ದಳು, ಮಾತು ಕಡಿಮೆ, ಜೂನ್‌ನಿಂದ ನಾನು ಅವಳ ಹೆಸರಿನ ಎದುರು 'ಓದುವುದಿಲ್ಲ' ಅಂತಲೇ ಬರೆದಿದ್ದೆ. ಅವಳು 'ಅಪ್ಪ' ಅನ್ನುವ ಚೀಟಿಯನ್ನು ಸೀರೆ ಉಟ್ಟ ಹೆಂಗಸಿನ ಚಿತ್ರದ ಕೆಳಗೆ ಇಟ್ಟಳು. 'ಅಮ್ಮ' ಅನ್ನುವುದನ್ನು ಮೀಸೆಯ ಗಂಡಸಿನ ಕೆಳಗೆ. ನಾನು ದೂರದಿಂದ ನೋಡಿ ತಪ್ಪು ಅಂದೆ. ಅವಳು ಎರಡನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಳು.

ಅಕ್ಕ ಅವಳ ಕಿವಿಯ ಹತ್ತಿರ ಬಗ್ಗಿ, ಇದರಲ್ಲಿ ಏನಂತ ಬರೆದಿದೆ ಓದು ಮಗಾ ಅಂದರು. ಅವಳು ಅಕ್ಷರದ ಮೇಲೆ ಬೆರಳಿಟ್ಟು, ಅ, ಪ್ಪ, ಅಂತ ಬಿಡಿಸಿ ಓದಿದಳು. ಯಾರು ಅದು ಅಂದಾಗ ಹೆಂಗಸಿನ ಚಿತ್ರ ತೋರಿಸಿ "ಅಪ್ಪೆ" ಅಂದಳು.

ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ. ಅಮ್ಮೆ ಅಂದರೆ ತಂದೆ. ನಾನೂ ತುಳು ಮಾತಾಡುವವಳೇ. ಹುಟ್ಟಿದಂದಿನಿಂದ ಕೇಳಿದ ಮಾತು. ಆ ಮಗು ಓದಿದ್ದು ಸರಿ ಇತ್ತು, ಅರ್ಥ ಮಾಡಿಕೊಂಡದ್ದೂ ಸರಿ ಇತ್ತು, ಅವಳ ಮನೆಯ ಭಾಷೆಯಲ್ಲಿ. ಎರಡೂವರೆ ತಿಂಗಳು ನಾನು ಅವಳಿಗೆ ಓದಲು ಬರುವುದಿಲ್ಲ ಅಂತ ನಂಬಿ ಕೂತಿದ್ದೆ. ಆ ದಿನ ಮಧ್ಯಾಹ್ನ ಊಟ ಬಡಿಸುವಾಗ ನನಗೆ ಕಣ್ಣಲ್ಲಿ ನೀರು ಬಂತು.

ಅಕ್ಕ ಹೋಗುವಾಗ ಒಂದು ಹಾಳೆ ಕೊಟ್ಟರು. ನಲ್ವತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷ ನೀನು ಕಾರ್ಡು ಹುಡುಕುವುದರಲ್ಲೇ ಕಳೆದೆ, ಮೂರನೇಯ ದೊಡ್ಡ ಮಕ್ಕಳಿಬ್ಬರಿಗೆ ಆ ಕೆಲಸ ಕೊಡು. ಐದನೇ ತಟ್ಟೆಯ ಕಡೆಗೆ ನೀನು ಒಮ್ಮೆಯೂ ಹೋಗಲಿಲ್ಲ. ಮಕ್ಕಳು ತುಳುವಿನಲ್ಲಿ ಉತ್ತರ ಕೊಟ್ಟಾಗ ನೀನು ಕನ್ನಡದಲ್ಲಿ ಹೇಳು ಅನ್ನುತ್ತೀ, ಮೊದಲು ಹೌದು ಅನ್ನು, ಆಮೇಲೆ ಕನ್ನಡದಲ್ಲಿ ನೀನೇ ಹೇಳು. ಇಷ್ಟೇ. ಐದು ದಿನದ ತರಬೇತಿಯಲ್ಲಿ ಸಿಗದ್ದು ಅರ್ಧ ಹಾಳೆಯಲ್ಲಿ ಸಿಕ್ಕಿತು.

ಮರುವಾರ ನಾವು ಗೋಡೆಯ ಒಂದು ಭಾಗವನ್ನು ಮಾತಿನ ಗೋಡೆ ಅಂತ ಮಾಡಿದೆವು. ಇಲ್ಲ್-ಮನೆ, ಪೆತ್ತ-ದನ, ಪುಚ್ಚೆ-ಬೆಕ್ಕು, ಕೋರಿ-ಕೋಳಿ, ಬರ್ಸ-ಮಳೆ. ಕನ್ನಡ ಅಕ್ಷರದಲ್ಲೇ ಎರಡೂ. ತಾಯಿ ಅನ್ನುವ ಜಾಗದಲ್ಲಿ ಅಪ್ಪೆ ಬರೆದೆ. ಕೋರೆ ಕೆಲಸದವರ ಹುಡುಗ ಅವ್ವ ಅಂತ ಬರೀರಿ ಟೀಚರ್ ಅಂದ. ಒಬ್ಬಳು ಉಮ್ಮ ಅಂದಳು, ಇನ್ನೊಬ್ಬ ಆವಯ್ ಅಂದ. ಅದುವರೆಗೆ ಬಾಯಿ ಬಿಡದ ಮಕ್ಕಳು ಮನೆಯಿಂದ ದಿನಕ್ಕೊಂದು ಪದ ಹೊತ್ತು ತರಲು ಶುರು ಮಾಡಿದರು. ಆ ಹುಡುಗಿ ಈಗ ಮೂರನೇ ತರಗತಿ, ಓದುವ ಮೂಲೆಯ ಪುಸ್ತಕ ಒಂದೂ ಬಿಟ್ಟಿಲ್ಲ.

ಇದಾದ ಮೇಲೆ ನಾವು ಮೂರು ಶಾಲೆಯವರು ಸೇರಿ ತಿಂಗಳಿಗೆ ಎರಡು ಶನಿವಾರ, ಶಾಲೆ ಬಿಟ್ಟ ಮೇಲೆ, ಒಂದು ಶಾಲೆಯಲ್ಲಿ ಕೂರಲು ಶುರು ಮಾಡಿದೆವು. ಆದೇಶ ಇಲ್ಲ, ಭತ್ಯೆ ಇಲ್ಲ. ಬರುವಾಗ ಒಂದು ಮಗುವಿನ ನೋಟ್‌ಪುಸ್ತಕ ಮತ್ತು ಆ ವಾರ ಸರಿಯಾಗದ ಒಂದು ಪಾಠ ತರಬೇಕು, ಅಷ್ಟೇ ನಿಯಮ. ಒಬ್ಬರು ಎರಡು ತಿಂಗಳ ಮೇಲೆ ಬಿಟ್ಟರು. ಮನೆಯಲ್ಲಿ ಸಣ್ಣ ಮಗು, ಕೊನೆಯ ಬಸ್ಸು ತಪ್ಪಿದರೆ ಕಷ್ಟ. ಅವರಿಗೆ ನಾನು ಏನೂ ಹೇಳಲಾರೆ. ಶಿಕ್ಷಕರ ಈ ಕಲಿಕೆಯನ್ನು ಶಾಲೆಯ ಸಮಯದ ಒಳಗೇ ತರಬೇಕು ಅಂತ ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅಂತ ಬರೆದಿದ್ದಾರೆ. ಆ 50ರಲ್ಲಿ ಹತ್ತು ಗಂಟೆ ಇನ್ನೊಬ್ಬರ ತರಗತಿಯಲ್ಲಿ ಕೂರಲು ಕೊಟ್ಟರೆ ಸಾಕು.

ಅಕ್ಕನ ಶಾಲೆಯ ಗಣಿತದ ಕಥೆಯನ್ನೂ ಹೇಳಬೇಕು. ಐದನೇಯ ಒಬ್ಬ ಹುಡುಗ 800ನ್ನು 4ರಿಂದ ಭಾಗಿಸಲು ಹೋಗಿ ಮೂರು ಸಲ ಮೂರು ಉತ್ತರ ಬರೆದ. ನಮ್ಮ ಕಡೆ ಮನೆಮನೆಯಲ್ಲಿ ಮಲ್ಲಿಗೆ, ಶಂಕರಪುರ ಮಲ್ಲಿಗೆ. ಕಟ್ಟಿದ ಹೂವಿನ ಅಳತೆ ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಹುಡುಗನ ಅಮ್ಮ ದಿನಾ ಬೆಳಗ್ಗೆ ಕಟ್ಟುತ್ತಾರೆ. ನಾನು ಪಕ್ಕದಲ್ಲಿ ಕೂತು, ಇವತ್ತು ಅಟ್ಟೆಗೆ 800 ರೂಪಾಯಿ ರೇಟು, ನಿಮ್ಮದು ಮೂರೇ ಚೆಂಡು ಆಯಿತು, ಎಷ್ಟು ಸಿಗ್ತದೆ ಅಂದೆ. ಮುಖವನ್ನೂ ಎತ್ತದೆ ಆರುನೂರು ಅಂದ. ಭಾಗಾಕಾರವೂ ಆಯಿತು, ಗುಣಾಕಾರವೂ ಆಯಿತು. ಅವನಿಗೆ ಬಾರದೆ ಇದ್ದದ್ದು ಅದನ್ನು ಹಲಗೆಯ ಮೇಲೆ ಬರೆಯುವ ಕ್ರಮ ಮಾತ್ರ. ಮುಂದಿನ ಶನಿವಾರ ನಾವು ಮೂವರೂ ಕೂತು, ರೇಟಿನಿಂದ ಶುರುವಾಗಿ ಹಲಗೆಯ ಲೆಕ್ಕಕ್ಕೆ ಬರುವ ಒಂದು ಪಾಠ ಮಾಡಿದೆವು. ಅಕ್ಕ ಅದನ್ನು ಎರಡು ವಾರ ನಡೆಸಿ, ಎಲ್ಲಿ ಸಿಕ್ಕಿಬಿತ್ತು ಅಂತ ಬಂದು ಹೇಳಿದರು. ಸೊನ್ನೆ ಬರುವಲ್ಲಿ ಸಿಕ್ಕಿಬಿದ್ದಿತ್ತು. ಪುನಃ ತಿದ್ದಿದೆವು.

ಮಲ್ಲಿಗೆಯ ಮಾತು ಬಂದದ್ದರಿಂದಲೇ ಎಸ್‌ಡಿಎಂಸಿ, ಅಂದರೆ ನಮ್ಮ ಶಾಲಾಭಿವೃದ್ಧಿ ಸಮಿತಿಯೂ ಸರಿಯಾಯಿತು ಅಂದರೆ ನಂಬುತ್ತೀರಾ? ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಸಮಿತಿಗಳು ಬಂದದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ಮೊದಲು. ಕಾಯ್ದೆ ಬಂದ ಮೇಲೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಲೇಬೇಕು ಅಂತ ಆಯಿತು. ನಮ್ಮಲ್ಲೂ ಇದ್ದರು, ಪುಸ್ತಕದಲ್ಲಿ. ಸಭೆ ಕರೆಯುತ್ತಿದ್ದದ್ದು ಬೆಳಗ್ಗೆ ಹತ್ತೂವರೆಗೆ. ಅಧ್ಯಕ್ಷರು ಮತ್ತು ಇಬ್ಬರು ಗಂಡಸರು ಬರುತ್ತಿದ್ದರು. ಆಮೇಲೆ ಪುಸ್ತಕ ಮಕ್ಕಳ ಬ್ಯಾಗಿನಲ್ಲಿ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ಅಮ್ಮಂದಿರಿಗೆ ಆಸಕ್ತಿ ಇಲ್ಲ ಅಂತ ನಾವೇ ಮಾತಾಡಿಕೊಂಡಿದ್ದೆವು.

ಒಬ್ಬ ಅಮ್ಮನನ್ನು ದಾರಿಯಲ್ಲಿ ಕೇಳಿದೆ. "ಎಂತ ಟೀಚರ್, ಹತ್ತೂವರೆಗೆ ಹೇಗೆ ಬರುವುದು? ಆ ಹೊತ್ತಿಗೆ ಹೂವು ಮಾರುವ ಕಟ್ಟೆಗೆ ಹೂವು ಮುಟ್ಟಬೇಕಲ್ಲ. ಮಧ್ಯಾಹ್ನ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡ್ಬೇಕು" ಅಂದರು. ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ಅಧ್ಯಕ್ಷರ ಹತ್ತಿರ ಮಾತಾಡಿ ಸಭೆಯನ್ನು ಶನಿವಾರ ಮೂರೂವರೆಗೆ ಇಟ್ಟೆವು. ಹದಿನೈದು ಜನ ಬಂದರು. ಆ ಪೈಕಿ ಹನ್ನೊಂದು ಅಮ್ಮಂದಿರು, ಒಬ್ಬರು ಅಜ್ಜಿ.

ಲೆಕ್ಕವನ್ನು ತುಳುವಿನಲ್ಲೇ ಓದಿ ಹೇಳಿದೆ. ಮೂವತ್ತು ದಾಟಿ ನೂರರ ಒಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಅನುದಾನ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ. ಚಾಕ್‌ಪೀಸ್‌ಗೆ ಇಷ್ಟು, ರಿಜಿಸ್ಟರಿಗೆ ಇಷ್ಟು, ನಳ್ಳಿ ರಿಪೇರಿಗೆ ಇಷ್ಟು. ಅಜ್ಜಿ ಕೇಳಿದರು, ನಳ್ಳಿಯನ್ನು ಒಂದು ವರ್ಷದಲ್ಲಿ ಮೂರು ಸಲ ಯಾಕೆ ರಿಪೇರಿ ಮಾಡಿದ್ದು ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಲಂಬಿಂಗ್ ಕೆಲಸ ಮಾಡುವ ಒಬ್ಬ ಅಪ್ಪ ಮರುದಿನ ಬಂದು ನೋಡಿ, ಪೈಪೇ ಸರಿ ಇಲ್ಲ ಅಂತ ಹೇಳಿ ಪೂರ್ತಿ ಬದಲಾಯಿಸಿಕೊಟ್ಟರು. ನಾಲ್ಕನೇ ಸಲ ರಿಪೇರಿ ಬರಲಿಲ್ಲ.

ಆಮೇಲೆ ಅಂಕಪಟ್ಟಿ ಕೊಡುವ ಬದಲು, ಪ್ರತಿ ಮಗುವನ್ನೂ ಅವರವರ ಮನೆಯವರ ಪಕ್ಕ ಕೂರಿಸಿ ಒಂದು ಪುಟ ಓದಿಸಿದೆವು. ವರಾಂಡದ ತುಂಬ ಓದುವ ಸ್ವರ. ನಾಲ್ಕನೇಯಲ್ಲಿರುವ ಮಗ ಎರಡನೇಯ ಪುಸ್ತಕದಲ್ಲಿ ತಡವರಿಸುವುದನ್ನು ಒಬ್ಬ ಅಮ್ಮ ಅದೇ ಮೊದಲು ಪಕ್ಕದಲ್ಲಿ ಕೂತು ಕೇಳಿದರು. ಕೊರೊನಾ ಕಾಲದಲ್ಲಿ ತಪ್ಪಿಹೋದದ್ದು ಅದು. 2022-23ರ ಕಲಿಕಾ ಚೇತರಿಕೆಯಲ್ಲಿ ಸ್ವಲ್ಪ ಸರಿಯಾಗಿತ್ತು, ಪೂರ್ತಿ ಆಗಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. "ಇವನಿಗೆ ನಾವು ಮನೆಯಲ್ಲಿ ಎಂತ ಮಾಡ್ಬೇಕು ಹೇಳಿ ಟೀಚರ್" ಅಂದರು. ಆ ಪ್ರಶ್ನೆಯನ್ನು ನನ್ನ ಹತ್ತಿರ ಅದುವರೆಗೆ ಯಾವ ಪೋಷಕರೂ ಕೇಳಿರಲಿಲ್ಲ, ಯಾಕೆಂದರೆ ನಾವು ಅವರಿಗೆ ಬರೀ ಸಹಿ ಮಾಡುವ ಕೆಲಸ ಕೊಟ್ಟಿದ್ದೆವು.

ಕೊನೆಗೆ ಹಳೆ ವಿದ್ಯಾರ್ಥಿ ಸಂಘದ ವಿಷಯ. ನಮ್ಮ ಕರಾವಳಿಯಲ್ಲಿ ಶಾಲೆ ಅಂದರೆ ಜನ ಕೈ ಬಿಚ್ಚಿ ಕೊಡ್ತಾರೆ. ಮಂಗಳೂರಲ್ಲಿ ಕಿತ್ತಳೆ ಮಾರಿದ ದುಡ್ಡಿನಲ್ಲಿ ಹರೇಕಳದಲ್ಲಿ ಶಾಲೆ ಕಟ್ಟಿದ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳಿಗೆ ಆ ಕಥೆ ಹೇಳುತ್ತಾ ನನಗೇ ಸ್ವರ ಕಟ್ಟಿತ್ತು. ನಮ್ಮ ಶಾಲೆಯ ಹಳಬರೂ ಮುಂಬೈ, ದುಬೈಯಲ್ಲಿದ್ದಾರೆ. ಆ ವರ್ಷ ಅವರು ಶಾಲೆಗೆ ಮಹಾದ್ವಾರ ಕಟ್ಟಿಸುವ ಅಂತ ಇದ್ದರು. ಫೋನಿನಲ್ಲಿ ಮಾತಾಡುವಾಗ ನಾನು ಹೇಳಿದೆ, ದ್ವಾರ ಮತ್ತೆ ನೋಡುವ, ಒಬ್ಬ ಗೌರವ ಶಿಕ್ಷಕಿಗೆ ವರ್ಷದ ಸಂಬಳ ಕೊಡ್ತೀರಾ ಅಂತ. ಒಬ್ಬರು ಒಪ್ಪಲಿಲ್ಲ, ಸಂಬಳ ಕೊಟ್ಟರೆ ಏನು ಕಾಣ್ತದೆ ಟೀಚರ್, ದ್ವಾರ ಆದರೆ ನೂರು ವರ್ಷ ನಿಲ್ತದೆ ಅಂದರು. ಅವರ ಪ್ರೀತಿ ಅರ್ಥವಾಗ್ತದೆ. ಆದರೂ ಅಮ್ಮಂದಿರು ಸಭೆಯಲ್ಲಿ ಕೂತು ಠರಾವು ಬರೆಸಿದರು, ಮೊದಲು ಟೀಚರ್ ಅಂತ. ನವೆಂಬರ್‌ನಲ್ಲಿ ಊರಿನದೇ ಒಬ್ಬಳು ಹುಡುಗಿ, ಡಿ.ಎಡ್. ಮುಗಿಸಿದವಳು, ಬಂದಳು. ಅವಳು ಬಂದದ್ದರಿಂದ ನಾವಿಬ್ಬರೂ ವಾರಕ್ಕೊಮ್ಮೆ ಒಬ್ಬರ ತರಗತಿಯಲ್ಲಿ ಒಬ್ಬರು ಕೂರುವ ಹಾಗಾಯಿತು. ಅಕ್ಕಿ ಲೆಕ್ಕದ ಹೊತ್ತಿಗೆ ಮಕ್ಕಳ ಜೊತೆ ಒಬ್ಬರಾದರೂ ಇರುವ ಹಾಗಾಯಿತು.

ಎಲ್ಲ ಸರಿಯಾಗಿದೆ ಅಂತ ನಾನು ಹೇಳುವುದಿಲ್ಲ. ಮೂರನೇ ತರಗತಿಯ ಎಂಟು ಮಕ್ಕಳಲ್ಲಿ ಆರು ಮಂದಿ ಮಾರ್ಚ್ ಹೊತ್ತಿಗೆ ಸರಾಗವಾಗಿ ಓದುತ್ತಿದ್ದರು, ಇಬ್ಬರು ಇನ್ನೂ ಇಲ್ಲ. ಗದಗದ ಹುಡುಗ ಏಪ್ರಿಲ್‌ನಲ್ಲಿ ಊರಿಗೆ ಹೋದವನು ಜೂನ್‌ನಲ್ಲಿ ವಾಪಸು ಬರಲಿಲ್ಲ. ಮಾತಿನ ಗೋಡೆಯಲ್ಲಿ ಅವನ 'ಅವ್ವ' ಹಾಗೇ ಇದೆ, ತೆಗೆದಿಲ್ಲ. ಎರಡು ಮಕ್ಕಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದಾರೆ. ಗೌರವ ಶಿಕ್ಷಕಿಯ ಈ ವರ್ಷದ ಸಂಬಳಕ್ಕೆ ಅರ್ಧ ಮಾತ್ರ ದುಡ್ಡು ಆಗಿದೆ. ಮಾಹಿತಿ ಕೇಳುವ ಮೆಸೇಜು ಕಡಿಮೆ ಆಗಿಲ್ಲ.

ಮೊನ್ನೆ ಸಮಾಲೋಚನಾ ಸಭೆಯಲ್ಲಿ ಈ ವರ್ಷ ಹೊಸದಾಗಿ ಬಂದ ಒಬ್ಬ ಮೇಷ್ಟ್ರು ಎದ್ದು ನಿಂತು, ನನಗೆ ಬಹುವರ್ಗ ಬೋಧನೆ, ಒಟ್ಟಿಗೆ ಎರಡು-ಮೂರು ತರಗತಿಗೆ ಪಾಠ ಮಾಡುವುದು, ಹಿಡಿತಕ್ಕೆ ಬರ್ತಾ ಇಲ್ಲ, ಯಾರಾದರೂ ಬಂದು ಕೂತ್ಕೊಳ್ತೀರಾ ಅಂತ ಕೇಳಿದರು. ಈ ಸಲ ಮೂರು ಜನ ಕೈ ಎತ್ತಿದರು. ಬರುವ ಬುಧವಾರ ನನ್ನ ಸರದಿ. ಅವರ ಶಾಲೆಗೆ ಬೆಳಗ್ಗಿನ ಬಸ್ಸು ಒಂದೇ, ಏಳು ಮುಕ್ಕಾಲಿಗೆ. ಚಾಪೆ ಇದೆಯಾ ಅಂತ ಕೇಳಿದೆ, ಇದೆ ಅಂದರು.